ಕತ್ತಿನ ಗಂಟಿಗೆ ಅಂಕ ಹಾಕುವ ಕೋಣೆ

ಕೋಣೆಯಲ್ಲಿ ಕತ್ತಲು. ಕಿಟಕಿಗೆ ದಪ್ಪ ಬಟ್ಟೆ ಎಳೆದಿದ್ದಾರೆ. ಸ್ಕ್ಯಾನಿಂಗ್ ಯಂತ್ರದ ಬೂದು ಬೆಳಕೊಂದೇ ಎಲ್ಲರ ಮುಖದ ಮೇಲೆ ಬಿದ್ದಿದೆ. ಚಿಕ್ಕಮ್ಮ ಅಂಗಾತ ಮಲಗಿದ್ದಾಳೆ. ಹೆಗಲ ಕೆಳಗೆ ದಿಂಬು ಕೊಟ್ಟು ತಲೆಯನ್ನು ಹಿಂದಕ್ಕೆ ವಾಲಿಸಿದ್ದರಿಂದ ಗಂಟಲು ಮೇಲೆದ್ದು ಕಾಣುತ್ತಿದೆ. ಅವಳು ಬಿಚ್ಚಿ ಕೊಟ್ಟ ಕರಿಮಣಿ ಸರ ನನ್ನ ಅಂಗೈಯಲ್ಲಿದೆ.

"ಜೆಲ್ಲಿ ಹಚ್ತೀನಿ ಅಮ್ಮ, ಸ್ವಲ್ಪ ತಣ್ಣಗಿರುತ್ತೆ. ಉಸಿರಾಡ್ತಾ ಇರಿ, ಮಾತು ಬೇಡ" ಎನ್ನುತ್ತಾರೆ ಸ್ಕ್ಯಾನಿಂಗ್ ಡಾಕ್ಟರು.

ಪ್ರೋಬ್ ಚರ್ಮಕ್ಕೆ ತಾಗಿದ ಕೂಡಲೇ ಪರದೆಯ ಮೇಲೆ ಕತ್ತಿನ ಒಳಗು ಅಡ್ಡಲಾಗಿ ತೆರೆದುಕೊಳ್ಳುತ್ತದೆ. ನಟ್ಟನಡುವೆ ಬೆಳ್ಳಗಿನ ಕಮಾನು, ಅದು ಶ್ವಾಸನಾಳ. ಅದರ ಎಡಕ್ಕೂ ಬಲಕ್ಕೂ ನುಣ್ಣನೆಯ ಬೂದು ಬಣ್ಣದ ಎರಡು ಹಾಲೆಗಳು, ಎರಡನ್ನೂ ಕೂಡಿಸುವ ತೆಳ್ಳನೆಯ ಪಟ್ಟಿ. ಇಷ್ಟೇ ಥೈರಾಯ್ಡ್. ತೂಕ 15ರಿಂದ 20 ಗ್ರಾಂ. ಹೊರ ಅಂಚಿನಲ್ಲಿ ಒಂದು ಕಪ್ಪು ವೃತ್ತ ಮಿಡಿಯುತ್ತಿದೆ, ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್. ಕೈ ಸ್ವಲ್ಪ ಒತ್ತಿದರೆ ಅದರ ಪಕ್ಕದ ಇನ್ನೊಂದು ವೃತ್ತ ಚಪ್ಪಟೆಯಾಗಿ ಮಾಯವಾಗುತ್ತದೆ. ಅದು ಜುಗ್ಯುಲರ್ ಅಭಿಧಮನಿ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಇಷ್ಟೆಲ್ಲ ಓಡಾಟವಿದೆ ಎಂಬುದು ಹೊರಗಿನಿಂದ ಕತ್ತು ನೋಡಿದವರಿಗೆ ಹೊಳೆಯುವುದೇ ಇಲ್ಲ.

"ಇಗೋ, ಇಲ್ಲಿದೆ."

ಬಲಗಡೆಯ ಬೂದಿನೊಳಗೆ ಇನ್ನೂ ಸ್ವಲ್ಪ ಕಪ್ಪಾದ, ದುಂಡಗಿನ ಒಂದು ಆಕಾರ. ಡಾಕ್ಟರು ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸುತ್ತಾರೆ. ಈ ಅಂಚಿನಿಂದ ಆ ಅಂಚಿಗೆ ಚುಕ್ಕಿ ಚುಕ್ಕಿಯ ಗೆರೆ ಎಳೆಯುತ್ತಾರೆ. ಮೂಲೆಯಲ್ಲಿ ಅಂಕೆಗಳು ಮೂಡುತ್ತವೆ: ಉದ್ದ 21 ಮಿಲಿಮೀಟರ್, ಅಗಲ 17, ದಪ್ಪ 14.

ಚಿಕ್ಕಮ್ಮನಿಗೆ ಇದು ಮೊದಲ ಸ್ಕ್ಯಾನಿಂಗ್ ಅಲ್ಲ. ಕತ್ತಿನ ತೊಂದರೆ ಅಂತ ಅವಳಿಗೆ ಏನೂ ಇರಲಿಲ್ಲ. ಊಟ ಸರಾಗವಾಗಿ ಇಳಿಯುತ್ತಿತ್ತು, ಭಜನೆಗೆ ದನಿ ಎಂದಿನಂತೆ ಏರುತ್ತಿತ್ತು. ಕೊಪ್ಪದ ಕಡೆಯ ಊರಿನಿಂದ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಮಗಳು ಅಮ್ಮನ ಮೇಲಿನ ಪ್ರೀತಿಗೆ ಪೂರ್ತಿ ದೇಹ ತಪಾಸಣೆಯ ಪ್ಯಾಕೇಜ್ ಮಾಡಿಸಿದಳು. ಅದರಲ್ಲಿ ಕತ್ತಿನ ಸ್ಕ್ಯಾನಿಂಗೂ ಸೇರಿತ್ತು. ಬಂದ ರಿಪೋರ್ಟನ್ನು ಅಲ್ಲೇ ಒಂದು ಕಡೆ ತೋರಿಸಿದರೆ, ಸೂಜಿ ಪರೀಕ್ಷೆಯ ಮಾತೂ ಎತ್ತದೆ "ಪೂರ್ತಿ ಥೈರಾಯ್ಡ್ ತೆಗೆದುಬಿಡೋಣ, ಮುಂದಿನ ವಾರ ಅಡ್ಮಿಟ್ ಆಗಿ" ಎಂದರಂತೆ. ಅಂದಿನಿಂದ ಚಿಕ್ಕಮ್ಮ ರಾತ್ರಿ ಎದ್ದು ಕೂತು ಕತ್ತು ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ. ಶಿವಮೊಗ್ಗದ ಈ ಆಸ್ಪತ್ರೆಗೆ ಬಂದದ್ದು ಎರಡನೆಯ ಅಭಿಪ್ರಾಯಕ್ಕೆ.

ಇಂಥ ಗಂಟು ಅಪರೂಪದ್ದಲ್ಲ. ಕೈಗೆ ತಗಲುವಷ್ಟು ದೊಡ್ಡದು ಹೆಂಗಸರಲ್ಲಿ ನೂರಕ್ಕೆ ಸುಮಾರು 5 ಜನರಲ್ಲಿರುತ್ತದೆ, ಗಂಡಸರಲ್ಲಿ ಒಬ್ಬರಲ್ಲಿ. ಪ್ರೋಬ್ ಹಿಡಿದು ಹುಡುಕಲು ಹೊರಟರೆ ಮಾತೇ ಬೇರೆ. ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ 19ರಿಂದ ಹಿಡಿದು 68 ಜನರವರೆಗೆ ಗಂಟು ಕಂಡಿದೆ. ಬಸ್ ನಿಲ್ದಾಣದಲ್ಲಿ ನಿಂತ ನಡುವಯಸ್ಸಿನವರನ್ನೆಲ್ಲ ಸಾಲಾಗಿ ಮಲಗಿಸಿ ನೋಡಿದರೆ ಎಷ್ಟು ಮನೆಗಳಲ್ಲಿ ಅವತ್ತು ಒಲೆ ಉರಿಯದೆ ಹೋದೀತು ಎಂದು ಯೋಚಿಸಿ. ತನಿಖೆಗೆ ಒಳಪಟ್ಟ ಗಂಟುಗಳಲ್ಲಿ ಕ್ಯಾನ್ಸರ್ ಎಂದು ತೀರ್ಮಾನವಾಗುವುದು ನೂರಕ್ಕೆ 7ರಿಂದ 15. ಹಾಗಾಗಿ ಗಂಟು ಇದೆಯೇ ಎಂಬ ಪ್ರಶ್ನೆಗಿಂತ ಈ ಗಂಟು ಎಂಥದ್ದು ಎಂಬ ಪ್ರಶ್ನೆ ದೊಡ್ಡದು. ಕತ್ತಲೆ ಕೋಣೆಯಲ್ಲಿ ಈಗ ನಡೆಯುತ್ತಿರುವುದು ಅದೇ ಕೆಲಸ.

ಡಾಕ್ಟರು ಪಕ್ಕದಲ್ಲಿ ಕೂತ ಕಿರಿಯ ವೈದ್ಯೆಗೆ ಅಂಕ ಬರೆಸುತ್ತಿದ್ದಾರೆ. ಟೈರಾಡ್ಸ್ ಎಂಬ ಈ ಲೆಕ್ಕವನ್ನು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ 2017ರಲ್ಲಿ ಹೊರತಂದಿತು. ಗಂಟಿನ ಐದು ಗುಣ ನೋಡಿ ಒಂದೊಂದಕ್ಕೂ ಅಂಕ.

"ಒಳಗೆ ನೀರಿದೆಯಾ, ಗಟ್ಟಿಯಾ?"

"ಗಟ್ಟಿ ಸಾರ್. ಎರಡು."

"ಬಣ್ಣ?"

"ಸುತ್ತಲಿನ ಥೈರಾಯ್ಡ್‌ಗಿಂತ ಕಪ್ಪು. ಆದ್ರೆ ಮುಂದಿನ ಸ್ನಾಯುವಿನಷ್ಟು ಕಪ್ಪಿಲ್ಲ."

"ಹಾಗಾದ್ರೆ ಎರಡೇ. ಸ್ನಾಯುವಿಗಿಂತ ಕಪ್ಪಿದ್ದಿದ್ರೆ ಮೂರು ಆಗ್ತಿತ್ತು. ಆಕಾರ ನೋಡು."

ಇಲ್ಲಿ ಅವರು ಪ್ರೋಬನ್ನು ಅಡ್ಡಕ್ಕೆ ಹಿಡಿದು ನಿಧಾನಿಸುತ್ತಾರೆ. ಗಂಟು ಅಗಲಕ್ಕೆ ಹರಡಿಕೊಂಡಿದ್ದರೆ ಸಮಾಧಾನ. ಅಗಲಕ್ಕಿಂತ ಎತ್ತರ ಹೆಚ್ಚಾಗಿ ನೆಟ್ಟಗೆ ನಿಂತಿದ್ದರೆ ಒಮ್ಮೆಗೇ ಮೂರು ಅಂಕ, ಏಕೆಂದರೆ ಮಾಮೂಲಿ ಬೆಳವಣಿಗೆ ಅಂಗಾಂಶದ ಪದರಗಳ ಹರವಿನಲ್ಲೇ ಸಾಗುತ್ತದೆ, ಅದನ್ನು ಅಡ್ಡ ಸೀಳಿಕೊಂಡು ಹೋಗುವುದು ಸಂಶಯದ ಲಕ್ಷಣ. ಚಿಕ್ಕಮ್ಮನದು 17ಕ್ಕೆ 14. ಸೊನ್ನೆ. ಅಂಚು ನುಣ್ಣಗಿದೆ, ಮತ್ತೆ ಸೊನ್ನೆ. ಒಡೆದೊಡೆದು ಹಲ್ಲು ಹಲ್ಲಾಗಿದ್ದರೆ ಎರಡು, ಥೈರಾಯ್ಡ್ ದಾಟಿ ಹೊರಗೆ ಚಾಚಿದ್ದರೆ ಮೂರು. ಕೊನೆಗೆ ಸುಣ್ಣದ ಚುಕ್ಕಿಗಳು. ಡಾಕ್ಟರು ಯಂತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡಿ, ಕೋನ ಬದಲಿಸಿ, ಮತ್ತೆ ಮತ್ತೆ ಅದೇ ಜಾಗವನ್ನು ನೋಡುತ್ತಾರೆ. ಮೊನೆಯಷ್ಟು ಸಣ್ಣ ಬಿಳಿ ಚುಕ್ಕಿಗಳಿದ್ದರೆ ಮೂರು ಅಂಕ. ಪ್ಯಾಪಿಲರಿ ಎಂಬ, ಎಲ್ಲಕ್ಕಿಂತ ಹೆಚ್ಚು ಕಾಣುವ ಥೈರಾಯ್ಡ್ ಕ್ಯಾನ್ಸರಿನ ಗುರುತಾಗಿರಬಹುದು ಅದು.

"ಇಲ್ಲ. ಚುಕ್ಕಿ ಇಲ್ಲ."

ಒಟ್ಟು ನಾಲ್ಕು. ನಾಲ್ಕರಿಂದ ಆರರವರೆಗೆ ಬಂದರೆ ಟೈರಾಡ್ಸ್ 4, ಮಧ್ಯಮ ಸಂಶಯ. ಈ ದರ್ಜೆಯ ಗಂಟು ಒಂದೂವರೆ ಸೆಂಟಿಮೀಟರ್ ದಾಟಿದ್ದರೆ ಸೂಜಿ ಹಾಕಬೇಕು, ಒಂದು ದಾಟಿದ್ದರೆ ಕಣ್ಣಿಟ್ಟಿರಬೇಕು. ಇದು ಎರಡು ದಾಟಿದೆ. ಆಮೇಲೆ ಎಡಗಡೆಗೆ ಹೋಗುತ್ತಾರೆ. ಅಲ್ಲೂ ಒಂದು ಗಂಟು! ನನ್ನ ಎದೆ ಧಸಕ್ಕೆನ್ನುತ್ತದೆ. ಡಾಕ್ಟರು ಮಾತ್ರ ಒಂದೇ ನೋಟದಲ್ಲಿ ಮುಂದೆ ಸರಿಯುತ್ತಾರೆ. ಒಳಗೆಲ್ಲ ಸಣ್ಣ ಸಣ್ಣ ನೀರಿನ ಕೋಶಗಳು ತುಂಬಿದ ಸ್ಪಾಂಜಿಫಾರ್ಮ್ ಜಾತಿ. ಅಂಕ ಸೊನ್ನೆ, ಸೂಜಿ ಬೇಡ, ಮರು ಸ್ಕ್ಯಾನಿಂಗೂ ಬೇಡ. ಒಂದೇ ಕತ್ತಿನಲ್ಲಿ ಎರಡು ಗಂಟು, ಎರಡಕ್ಕೆ ಎರಡು ತೀರ್ಪು. ಬೆಂಗಳೂರಿನ ರಿಪೋರ್ಟು ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದಿತ್ತು, ಓದಿದವರು ಎರಡಕ್ಕೂ ಸಮನಾಗಿ ಹೆದರಿದ್ದೆವು. ಕೊನೆಯಲ್ಲಿ ಕತ್ತಿನ ಎರಡೂ ಬದಿಯ ದುಗ್ಧಗ್ರಂಥಿಗಳನ್ನು ದವಡೆಯಿಂದ ಕೊರಳೆಲುಬಿನವರೆಗೆ ತಡಕಿ ನೋಡುತ್ತಾರೆ. ಈ ಹುಡುಕಾಟವಿಲ್ಲದೆ ಥೈರಾಯ್ಡ್ ಸ್ಕ್ಯಾನಿಂಗ್ ಪೂರ್ತಿಯಾಗುವುದಿಲ್ಲ. ಎಲ್ಲ ಸರಿಯಾಗಿದೆ.

ಕೆಳಗಿನ ಹಜಾರದಲ್ಲಿ ಟೋಕನ್ ಸಂಖ್ಯೆ ಕೂಗುತ್ತಿದ್ದಾರೆ. ಮೇಡಂ ಹತ್ತಿರ ಬೆಳಿಗ್ಗೆಯೇ ಒಂದು ಸಲ ಹೋಗಿ ಬಂದಿದ್ದೆವು. ಹಾರ್ಮೋನು ರೋಗಗಳ ತಜ್ಞೆ ಅವರು. ಯಾವ ಕಾಗದವನ್ನೂ ಮೊದಲು ತೆರೆಯಲಿಲ್ಲ. ಚಿಕ್ಕಮ್ಮನ ಕೈಗೆ ಒಂದು ಲೋಟ ನೀರು ಕೊಟ್ಟು, ಹಿಂದೆ ನಿಂತು, ಎರಡೂ ಕೈಬೆರಳುಗಳನ್ನು ಕತ್ತಿನ ಬುಡಕ್ಕಿಟ್ಟು "ಒಂದು ಗುಟುಕು ಕುಡೀರಿ ಅಮ್ಮ" ಎಂದರು. ಥೈರಾಯ್ಡ್ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ನುಂಗಿದಾಗ ಗಂಟೂ ಜೊತೆಗೇ ಮೇಲೇರುತ್ತದೆ; ಏರದೆ ಕಚ್ಚಿಕೊಂಡು ಕೂತಿದ್ದರೆ ಆತಂಕ. ಆಮೇಲೆ ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿಸಿ ಮುಖವನ್ನೇ ನೋಡಿದರು. ಗಂಟು ಎದೆಗೂಡಿನೊಳಗೆ ಇಳಿದಿದ್ದರೆ ಹೀಗೆ ಕೈ ಎತ್ತಿದಾಗ ಮುಖ ಕೆಂಪೇರಿ ಉಬ್ಬುತ್ತದಂತೆ.

ಪ್ರಶ್ನೆಗಳೂ ಅಷ್ಟೇ ನಿಧಾನ. ಚಿಕ್ಕಂದಿನಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿತ್ತೇ? ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್? ದನಿ ಒಡೆದಿದೆಯೇ? ಗಂಟು ಬೇಗ ಬೇಗ ಬೆಳೆಯಿತೇ? "ಕೂದಲು ಉದುರುತ್ತೆ ಅಂತ ಏನಾದ್ರೂ ಮಾತ್ರೆ ತಗೋತಿದೀರಾ?" ಎಂಬ ಪ್ರಶ್ನೆ ನನಗೆ ಅಸಂಬದ್ಧ ಅನ್ನಿಸಿತ್ತು. ಅಂಥ ಮಾತ್ರೆಗಳಲ್ಲಿರುವ ಬಯೋಟಿನ್ ಕೆಲವು ಲ್ಯಾಬ್‌ಗಳ ಥೈರಾಯ್ಡ್ ರಕ್ತಪರೀಕ್ಷೆಯ ಲೆಕ್ಕವನ್ನೇ ತಪ್ಪಿಸುತ್ತದೆ, ಕನಿಷ್ಠ ಎರಡು ದಿನ ನಿಲ್ಲಿಸಿ ರಕ್ತ ಕೊಡಬೇಕು ಎಂದು ಆಮೇಲೆ ತಿಳಿಯಿತು. ಟಿಎಸ್‌ಎಚ್ ಪರೀಕ್ಷೆಯೇ ಮೊದಲ ಮೆಟ್ಟಿಲು. ಅದು ತೀರಾ ಕಡಿಮೆ ಬಂದರೆ ಗಂಟೇ ಹಾರ್ಮೋನು ಸುರಿಸುತ್ತಿರಬಹುದು. ಆಗ ಸೂಜಿಗಿಂತ ಮುಂಚೆ ಐಸೋಟೋಪ್ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಬಿಸಿ ಎಂದು ತೋರುವ ಗಂಟು ಕ್ಯಾನ್ಸರ್ ಆಗಿರುವುದು ತೀರಾ ವಿರಳ. ಚಿಕ್ಕಮ್ಮನ ಟಿಎಸ್‌ಎಚ್ ಸರಿಯಾಗಿತ್ತು.

"ನಮ್ಮ ಅಜ್ಜಿಗೆ ಇಷ್ಟು ದೊಡ್ಡ ಗಳಗಂಡ ಇತ್ತು ಡಾಕ್ಟ್ರೇ," ಎಂದು ಚಿಕ್ಕಮ್ಮ ಮುಷ್ಟಿ ತೋರಿಸಿದ್ದಳು. "ಆಗ ಯಾರೂ ಆಸ್ಪತ್ರೆಗೆ ಹೋಗ್ಲಿಲ್ಲ."

ಮಲೆನಾಡಿನಲ್ಲಿ ಅದು ಪರಿಚಿತ ನೋಟವೇ. ಮಳೆ ತೊಳೆದ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ನಿಲ್ಲುವುದಿಲ್ಲ. ಸಾಲದ ಅಯೋಡಿನ್ನಿನಲ್ಲೇ ಹಾರ್ಮೋನು ತಯಾರಿಸಲು ಹೆಣಗುವ ಗ್ರಂಥಿ ದಪ್ಪಗಾಗುತ್ತಾ ಹೋಗುತ್ತದೆ. 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಹಂಚಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. 2006ರಿಂದ ಅಯೋಡಿನ್ ಇಲ್ಲದ ಅಡುಗೆ ಉಪ್ಪನ್ನು ದೇಶದಲ್ಲಿ ಮಾರುವಂತಿಲ್ಲ. ಮೇಡಂ ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟೇ: ಉಪ್ಪಿನ ಮರಿಗೆಯನ್ನು ಒಲೆಯ ಪಕ್ಕ ತೆರೆದಿಡಬೇಡಿ, ಮುಚ್ಚಳ ಇರಲಿ. ಈಗಿರುವ ಗಂಟು ಉಪ್ಪಿನಿಂದ ಕರಗುವುದಿಲ್ಲ, ಆದರೆ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಅದು ಬೇಕು.

ಹಜಾರದಲ್ಲಿ ನಮ್ಮ ಪಕ್ಕ ಕೂತವರು ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳು. ಅವರ ಗಂಟು ಬರೀ 7 ಮಿಲಿಮೀಟರ್, ಆದರೆ ಅಂಕ ಜಾಸ್ತಿ, ಟೈರಾಡ್ಸ್ 5. ಸೂಜಿ ಹಾಕುವುದಿಲ್ಲ, ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿ ನೋಡೋಣ ಎಂದಿದ್ದಾರಂತೆ. "ಅಂಕ ಜಾಸ್ತಿ ಅಂತಾರೆ, ಹಾಗೇ ಬಿಡಿ ಅಂತಾರೆ. ಬಿಡೋದು ಹೇಗೆ ಹೇಳಿ?" ಎಂದು ಚಿಕ್ಕಮ್ಮನನ್ನು ಕೇಳುತ್ತಾರೆ.

ಅವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಸಿಕ್ಕಿದ್ದು ಬಹಳ ನೋವಿನ ದಾರಿಯಲ್ಲಿ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರುಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಆಸ್ಪತ್ರೆಗಳು ಸ್ವಲ್ಪ ಹೆಚ್ಚಿನ ಹಣಕ್ಕೆ ಕತ್ತಿನ ಸ್ಕ್ಯಾನಿಂಗನ್ನೂ ಜೊತೆಗೆ ಕೊಟ್ಟವು, ಜನ ಮುಗಿಬಿದ್ದು ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಒಂದೇ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ. ಆದರೆ ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಅಲುಗಲಿಲ್ಲ. ಹಾಗಾದರೆ ಪತ್ತೆಯಾದದ್ದರಲ್ಲಿ ಬಹುಪಾಲು ಯಾರನ್ನೂ ಕೊಲ್ಲದೆ ಕತ್ತಿನಲ್ಲೇ ಇದ್ದುಬಿಡುತ್ತಿದ್ದ ಸಣ್ಣ ಗಂಟುಗಳು. ಕತ್ತು ಕೊಯ್ಸಿಕೊಂಡವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಲಸ ನಿಲ್ಲಿಸಿದವು, ಸುಮಾರು ಇಬ್ಬರಿಗೆ ಧ್ವನಿತಂತು ಸೋತಿತು. 2014ರಲ್ಲಿ ಅಲ್ಲಿನ ವೈದ್ಯರೇ ಕೆಲವರು ಒಟ್ಟಾಗಿ ಈ ತಪಾಸಣೆ ಬೇಡವೆಂದು ಎದ್ದು ನಿಂತರು.

ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯದು ಇನ್ನೊಂದು ದಾರಿ. ಅಕಿರಾ ಮಿಯಾಉಚಿ 1993ರಲ್ಲಿ, ಒಂದು ಸೆಂಟಿಮೀಟರ್ ಒಳಗಿನ, ಅಪಾಯದ ಲಕ್ಷಣವಿಲ್ಲದ ಪ್ಯಾಪಿಲರಿ ಕ್ಯಾನ್ಸರನ್ನು ಕೊಯ್ಯದೆ ಬರೀ ಸ್ಕ್ಯಾನಿಂಗ್‌ನಲ್ಲಿ ಗಮನಿಸುತ್ತಾ ಹೋಗೋಣ ಎಂದರು. ಆ ಕಾಲಕ್ಕೆ ಅದನ್ನು ಹೇಳಲು ಎಷ್ಟು ಎದೆಗಾರಿಕೆ ಬೇಕಿತ್ತೆಂದು ಊಹಿಸಿಕೊಳ್ಳಿ. 2014ರಲ್ಲಿ 1,235 ಮಂದಿಯ ಲೆಕ್ಕ ಹೊರಬಂತು: ಹತ್ತು ವರ್ಷಗಳಲ್ಲಿ ಗಂಟು 3 ಮಿಲಿಮೀಟರ್ ಬೆಳೆದದ್ದು ನೂರಕ್ಕೆ 8ರಲ್ಲಿ, ದುಗ್ಧಗ್ರಂಥಿಗೆ ಹರಡಿದ್ದು ನೂರಕ್ಕೆ 4ಕ್ಕೂ ಕಡಿಮೆ. ಬೆಳೆದವರಿಗೆ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ತಡವಾಗಲಿಲ್ಲ. ಪಕ್ಕದಲ್ಲಿ ಕೂತ ಆ ಕಾಲೇಜಿನ ಹೆಣ್ಣುಮಗಳಿಗೆ "ಹಾಗೇ ಬಿಡಿ" ಎಂದವರು ಕೈಚೆಲ್ಲಿ ಹೇಳಿದ್ದಲ್ಲ, ಇಷ್ಟು ಜನರ ಇಷ್ಟು ವರ್ಷಗಳ ಮೇಲೆ ನಿಂತು ಹೇಳಿದ್ದು. ಆದರೆ ಅದನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಹಾಗೆ ಹೇಳದೆ ಹೋದರೆ ಕಾಯುವವರು ದಿನಾ ಕನ್ನಡಿ ಮುಂದೆ ನಿಂತು ಸವೆಯುತ್ತಾರೆ.

ಹೊತ್ತಿಗೆ ಸರಿಯಾಗಿ, ಎಲ್ಲಕ್ಕೂ ಕಾಯುವುದೇ ಮದ್ದಲ್ಲ ಎಂದು ತೋರಿಸುವ ಹಾಗೆ, ಒಬ್ಬ ಹಿರಿಯರು ಮಗನ ಹೆಗಲು ಹಿಡಿದು ಒಳಗೆ ಬರುತ್ತಾರೆ. ಕತ್ತಿನ ಎಡಭಾಗ ಉಬ್ಬಿ ಬಿಗಿದುಕೊಂಡಿದೆ. ಯುಗಾದಿ ಹೊತ್ತಿಗೆ ಏನೂ ಇರಲಿಲ್ಲ ಎನ್ನುತ್ತಾನೆ ಮಗ. ಹಿರಿಯರ ದನಿ ಗಾಳಿಯಂತೆ ಬರುತ್ತಿದೆ, ನೀರು ಕುಡಿದರೆ ಕೆಮ್ಮು. ಬಾಗಿಲಲ್ಲಿದ್ದ ನರ್ಸ್ ಅವರ ದನಿ ಕೇಳಿದ್ದೇ ಟೋಕನ್ ನೋಡದೆ ನೇರ ಒಳಗೆ ಕರೆದೊಯ್ಯುತ್ತಾರೆ. ಸಾಲಿನಲ್ಲಿದ್ದ ಯಾರೂ ತಕರಾರು ಮಾಡುವುದಿಲ್ಲ. ಅವತ್ತೇ ಸೂಜಿ, ಅವತ್ತೇ ಸಿ.ಟಿ., ಗಂಟಲೊಳಗೆ ಕ್ಯಾಮೆರಾ ಇಳಿಸಿ ಧ್ವನಿತಂತು ನೋಡಲು ಇಎನ್‌ಟಿಗೆ ಚೀಟಿ. ವಾರಗಳಲ್ಲಿ ಬೆಳೆಯುವ, ಕಲ್ಲಿನಂತೆ ಗಟ್ಟಿಯಾದ, ನುಂಗಿದಾಗ ಅಲುಗದ, ದನಿ ಕೆಡಿಸುವ ಗಂಟಿಗೆ ಒಂದು ದಿನವೂ ತಡ ಮಾಡಬಾರದು. ಬೇರೆಯವರನ್ನು ಅವಸರಪಡಿಸದೆ ಬಿಟ್ಟರೆ ತಾನೇ ಇಂಥವರಿಗೆ ಜಾಗ ಸಿಗುವುದು.

ಚಿಕ್ಕಮ್ಮನ ಸರದಿ. ಸೂಜಿ ಎಂದ ಕೂಡಲೇ ಅವಳು ಎದ್ದು ಕೂರುತ್ತಾಳೆ.

"ಚುಚ್ಚಿದ್ರೆ ಕ್ಯಾನ್ಸರ್ ಎಲ್ಲ ಕಡೆ ಹರಡ್ತದಂತಲ್ಲ ಡಾಕ್ಟ್ರೇ?"

ಊರಿನಲ್ಲಿ ಯಾರೋ ಹೇಳಿದ್ದು. ಮೇಡಂ ನಗುವುದಿಲ್ಲ, ಗದರುವುದೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಸೂಜಿಯನ್ನೇ ತೋರಿಸುತ್ತಾರೆ. 25 ಗೇಜ್, ರಕ್ತ ತೆಗೆಯಲು ಸಾಮಾನ್ಯವಾಗಿ ಬಳಸುವ ಸೂಜಿಗಿಂತಲೂ ಸಣ್ಣದು. "ಇಷ್ಟು ತೆಳ್ಳನೆ ಸೂಜಿಯಿಂದ ಹಾಗಾಗೋದು ತೀರಾ ತೀರಾ ಅಪರೂಪ ಅಮ್ಮ. ಪರೀಕ್ಷೆ ಮಾಡದೆ ಸುಮ್ಮನೆ ಕೊಯ್ಸಿಕೊಂಡ್ರೆ ಆಗೋ ನಷ್ಟ ಅದಕ್ಕಿಂತ ಬಹಳ ದೊಡ್ಡದು. ರಕ್ತ ತೆಳು ಮಾಡೋ ಮಾತ್ರೆ ಏನೂ ಇಲ್ಲ ತಾನೆ?"

"ಇಲ್ಲ. ಬೆಳಿಗ್ಗೆ ತಿಂಡಿ ತಿಂದೆ, ಅಡ್ಡಿಲ್ವಾ?"

"ಏನೂ ಅಡ್ಡಿಲ್ಲ. ಚುಚ್ಚುವಾಗ ನುಂಗ್ಬೇಡಿ, ಮಾತಾಡ್ಬೇಡಿ. ಅಷ್ಟೇ."

ಮತ್ತೆ ದಿಂಬು, ಮತ್ತೆ ಜೆಲ್ಲಿ. ಕತ್ತಿಗೆ ಸ್ಪಿರಿಟ್ ಒರೆಸುವ ವಾಸನೆ. ಪರದೆಯ ಮೇಲೆ ಗಂಟು ಕಾಣುತ್ತಿದೆ. ಅದರ ಮೇಲ್ಭಾಗದಲ್ಲಿ ಒಂದು ಬಿಳಿ ಗೆರೆ ಓರೆಯಾಗಿ ಇಳಿದು ಒಳಗೆ ಹೊಗುತ್ತದೆ. ಸೂಜಿಯ ತುದಿ ಮಿನುಗುತ್ತದೆ. ಡಾಕ್ಟರ ಕೈ ಚಕಚಕನೆ ಹಿಂದೆ ಮುಂದೆ ಆಡುತ್ತದೆ, ಗಂಟಿನೊಳಗೇ, ಹೊರಬಾರದ ಹಾಗೆ. ಸಿರಿಂಜ್ ಎಳೆಯುವುದೂ ಇಲ್ಲ. ಆ ಸಣ್ಣ ಕೊಳವೆಗೆ ಜೀವಕೋಶಗಳು ತಾವಾಗಿ ಏರುತ್ತವೆ. ಚಿಕ್ಕಮ್ಮನ ಎಡಗೈ ಹಾಸಿಗೆಯ ಬಟ್ಟೆಯನ್ನು ಹಿಡಿದು ಬಿಗಿದಿದೆ. ನನ್ನ ಉಸಿರೂ ನಿಂತಿದೆ. ಸೂಜಿ ಹೊರಬಂತು.

"ಆಯ್ತು, ಒಂದಾಯ್ತು. ಈಗ ನುಂಗಿ."

ಸೂಜಿಯಲ್ಲಿರುವುದನ್ನು ಗಾಜಿನ ಸ್ಲೈಡಿನ ಮೇಲೆ ಚಿಮ್ಮಿಸಿ ಇನ್ನೊಂದು ಗಾಜಿನಿಂದ ಸವರುತ್ತಾರೆ. ಕೆಲವನ್ನು ತಕ್ಷಣ ಆಲ್ಕೋಹಾಲ್ ತುಂಬಿದ ಡಬ್ಬಿಗೆ ಹಾಕುತ್ತಾರೆ, ಕೆಲವನ್ನು ಗಾಳಿಗೆ ಒಣಗಲು ಬಿಡುತ್ತಾರೆ. ಮೊದಲಿನವು ಪ್ಯಾಪನಿಕೊಲೊ ಬಣ್ಣಕ್ಕೆ, ಎರಡನೆಯವು ಗೀಮ್ಸಾ ಬಣ್ಣಕ್ಕೆ. ಪ್ಯಾಥಾಲಜಿ ವಿಭಾಗದ ಡಾಕ್ಟರು ಮೂಲೆಯ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಅಲ್ಲೇ ಕೂತಿದ್ದಾರೆ. ಒಂದು ಸ್ಲೈಡಿಗೆ ಬೇಗ ಬಣ್ಣ ಹಾಕಿ ನೋಡಿ "ಇನ್ನೊಂದು ಸಲ ಬೇಕು, ಬರೀ ರಕ್ತ ಬಂದಿದೆ" ಎನ್ನುತ್ತಾರೆ. ಇವರು ಇಲ್ಲೇ ಇದ್ದದ್ದರಿಂದ ಇದು ಇವತ್ತೇ ತಿಳಿಯಿತು. ಇಲ್ಲದಿದ್ದರೆ ಕೊಪ್ಪಕ್ಕೆ ಹೋಗಿ, ಮತ್ತೆ ಬಸ್ ಹತ್ತಿ ಬರಬೇಕಿತ್ತು. ಎರಡನೆಯ ಚುಚ್ಚು. ಮೂರನೆಯದು. ಮತ್ತೆ ನೋಡಿ ಅವರು ತಲೆಯಾಡಿಸುತ್ತಾರೆ. ಕನಿಷ್ಠ ಆರು ಗುಂಪು, ಒಂದೊಂದರಲ್ಲೂ ಹತ್ತಾದರೂ ಕೋಶ, ಅಷ್ಟಿದ್ದರೆ ಮಾತ್ರ ಸ್ಲೈಡ್ ಮಾತಾಡಲು ಯೋಗ್ಯ.

ಹತ್ತಿ ಒತ್ತಿಹಿಡಿದು ಹತ್ತು ನಿಮಿಷ ಕೂರಬೇಕು. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಇಷ್ಟೇನಾ ಮಾರಾಯ? ಇದಕ್ಕೆ ನಾನು ಮೂರು ವಾರ ನಿದ್ದೆ ಬಿಟ್ಟೆ" ಎನ್ನುತ್ತಾಳೆ.

ರಿಪೋರ್ಟು ಬಂದ ದಿನ ಮಳೆ. ಮೇಡಂ ಕೋಣೆಯ ಹೊರಗೆ ಕೊಡೆಗಳಿಂದ ನೀರು ಇಳಿದು ನೆಲವೆಲ್ಲ ಒದ್ದೆ. ಲಕೋಟೆಯಲ್ಲಿ ಒಂದೇ ಹಾಳೆ. ಥೈರಾಯ್ಡ್ ಸೂಜಿ ಪರೀಕ್ಷೆಯ ಫಲಿತಾಂಶವನ್ನು ಹೇಳುವುದು ಬೆಥೆಸ್ಡಾ ದರ್ಜೆಯಲ್ಲಿ. ಅಮೆರಿಕದ ಬೆಥೆಸ್ಡಾದಲ್ಲಿ 2007ರಲ್ಲಿ ತಜ್ಞರು ಸೇರಿ ರೂಪಿಸಿದ ಆರು ಮೆಟ್ಟಿಲು. ಒಂದು ಎಂದರೆ ಮಾದರಿ ಸಾಲದು. ಎರಡು ಎಂದರೆ ಸಾಧು ಗಂಟು. ಐದು ಬಲವಾದ ಸಂಶಯ, ಆರು ಕ್ಯಾನ್ಸರ್. ನಾವು ಎರಡಕ್ಕೆ ಹರಕೆ ಹೊತ್ತಿದ್ದೆವು, ಆರಕ್ಕೆ ಹೆದರಿದ್ದೆವು.

ಬಂದದ್ದು ಮೂರು.

"ಅಂದ್ರೆ ಏನು ಡಾಕ್ಟ್ರೇ? ಉಂಟೋ ಇಲ್ವೋ?"

"ಕೋಶಗಳು ಪೂರ್ತಿ ಮಾಮೂಲಾಗಿಲ್ಲ ಅಮ್ಮ. ಕ್ಯಾನ್ಸರ್ ಅನ್ನೋಷ್ಟು ಕೆಟ್ಟೂ ಇಲ್ಲ. ಸ್ಲೈಡ್ ನೋಡಿದವ್ರು ಪ್ರಾಮಾಣಿಕವಾಗಿ ಹೇಳಿದಾರೆ, ಇಷ್ಟರಲ್ಲಿ ನಿರ್ಧಾರ ಮಾಡೋಕಾಗಲ್ಲ ಅಂತ."

2023ರ ಮೂರನೆಯ ಆವೃತ್ತಿಯ ಪ್ರಕಾರ ಈ ಮೂರನೆಯ ದರ್ಜೆಯಲ್ಲಿ ಕ್ಯಾನ್ಸರ್ ಸಂಭವ ನೂರಕ್ಕೆ ಸರಾಸರಿ 22. ಎರಡನೆಯದರಲ್ಲಿ 4, ಆರನೆಯದರಲ್ಲಿ 97. ಆದರೆ ಮೇಡಂ ಒಂದು ಮುಖ್ಯ ಮಾತು ಸೇರಿಸುತ್ತಾರೆ: ಈ 22 ಎಂಬ ಲೆಕ್ಕ ಬಂದದ್ದು ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಂದ. ಸಂಶಯ ಹೆಚ್ಚಿದ್ದವರೇ ಅಲ್ಲಿಗೆ ಹೋಗುವುದು. ಮಾಡಿಸಿಕೊಳ್ಳದೆ ಚೆನ್ನಾಗಿರುವವರನ್ನೂ ಎಣಿಸಿದರೆ ನಿಜವಾದ ಸಂಖ್ಯೆ ಇನ್ನೂ ಕೆಳಗಿರುತ್ತದೆ.

ಚಿಕ್ಕಮ್ಮ ತುಸು ಹೊತ್ತು ಯೋಚಿಸುತ್ತಾಳೆ. "ಮಂಡಿಯಲ್ಲಿ ಅಕ್ಕಿ ಚೀಲಕ್ಕೆ ಚುಚ್ಚಿ ಒಂದು ಹಿಡಿ ತೆಗೆದು ನೋಡ್ತಾರಲ್ಲ, ಹಾಗಾ ಇದು?"

"ಹಾಗೇ ಅಮ್ಮ. ಹಿಡಿ ಅಕ್ಕಿ ನೋಡಿ ಹೊಸದೋ ಹಳೇದೋ ಹೇಳ್ಬಹುದು. ಆದ್ರೆ ಚೀಲದ ಹೊಲಿಗೆ ಎಲ್ಲೋ ಬಿಟ್ಟು ಕಾಳು ಹೊರಗೆ ಸೋರ್ತಿದೆಯಾ ಅಂತ ಆ ಹಿಡಿ ಹೇಳೋಲ್ಲ."

ಫಾಲಿಕ್ಯುಲರ್ ಜಾತಿಯ ಗಂಟುಗಳ ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ. ಅವುಗಳಲ್ಲಿ ಸಾಧುವಿಗೂ ಕ್ಯಾನ್ಸರಿಗೂ ವ್ಯತ್ಯಾಸ ಇರುವುದು ಕೋಶದ ಮುಖದಲ್ಲಲ್ಲ, ಗಂಟಿನ ಸುತ್ತಲ ಪೊರೆಯನ್ನೋ ರಕ್ತನಾಳವನ್ನೋ ಅದು ಒಡೆದುಕೊಂಡು ಹೋಗಿದೆಯೇ ಎಂಬುದರಲ್ಲಿ. ಅದನ್ನು ನೋಡಲು ಇಡೀ ಗಂಟು ಕೈಯಲ್ಲಿರಬೇಕು. ಕತ್ತಿನಲ್ಲಿರುವವರೆಗೆ ಯಾವ ಸೂಜಿಯೂ ಪೂರ್ತಿ ಭರವಸೆ ಕೊಡಲಾರದು. ಇದನ್ನು ರೋಗಿಗೆ ಹೇಳಲು ವೈದ್ಯರು ಹಿಂಜರಿಯಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಗೊತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಿದರೆ ಹಳ್ಳಿಯ ಹೆಂಗಸಿಗೂ ಅರ್ಥವಾಗುತ್ತದೆ, ಅಕ್ಕಿಚೀಲದ ಉಪಮೆಯನ್ನು ತಂದವಳೇ ಅವಳಲ್ಲವೇ!

ಮೇಡಂ ಈಗ ಮುಂದಿರುವ ದಾರಿಗಳನ್ನು ಇಡುತ್ತಾರೆ. ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಸೂಜಿ. ಹಲವರಲ್ಲಿ ಆಗ ಸಾಧು ಎಂದೇ ತೀರ್ಮಾನವಾಗುತ್ತದೆ. ಕೋಶದ ಜೀನ್ ಪರೀಕ್ಷೆಯೂ ಇದೆ, ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ. ಕೊನೆಯದು ಗಂಟಿರುವ ಬಲಗಡೆಯ ಅರ್ಧ ಥೈರಾಯ್ಡ್ ಮಾತ್ರ ತೆಗೆದು ಪರೀಕ್ಷಿಸುವುದು.

"ಬೆಂಗಳೂರಲ್ಲಿ ಪೂರ್ತಿ ತೆಗೀಬೇಕು ಅಂದಿದ್ರಲ್ಲ?"

"ಈ ರಿಪೋರ್ಟಿಗೆ ಪೂರ್ತಿ ಬೇಡ. ಅರ್ಧ ಉಳಿದ್ರೆ ಬಹಳ ಜನಕ್ಕೆ ಅದೇ ಸಾಕಾಗುತ್ತೆ. ಪೂರ್ತಿ ತೆಗೆದ್ರೆ ಜೀವನಪರ್ಯಂತ ದಿನಾ ಬೆಳಿಗ್ಗೆ ಮಾತ್ರೆ."

ಗ್ರಂಥಿ ಪೂರ್ತಿ ಹೋದರೆ ಮನುಷ್ಯ ಏನಾಗುತ್ತಾನೆ ಎಂದು ಲೋಕಕ್ಕೆ ತಿಳಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡರ್ ಕೋಚರ್. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಅವರಷ್ಟು ಪಳಗಿದ ಕೈ ಆ ಕಾಲದಲ್ಲಿರಲಿಲ್ಲ. ತಾವು ಪೂರ್ತಿ ತೆಗೆದ ರೋಗಿಗಳು ಮುಖ ಊದಿ, ಬುದ್ಧಿ ಮಂದವಾಗಿ, ಮಕ್ಕಳಾದರೆ ಬೆಳೆಯದೆ ನಿಂತದ್ದನ್ನು ಕಂಡು 1883ರಲ್ಲಿ ಅದನ್ನು ಬಚ್ಚಿಡದೆ ವರದಿ ಮಾಡಿದರು. ಥೈರಾಯ್ಡ್ ಕುರಿತ ಕೆಲಸಕ್ಕೆ 1909ರ ನೊಬೆಲ್ ಬಂತು. ಇಂದು ಲಿವೊಥೈರಾಕ್ಸಿನ್ ಮಾತ್ರೆ ಇರುವುದರಿಂದ ಆ ಗತಿ ಇಲ್ಲ, ನಿಜ. ಆದರೆ ಗ್ರಂಥಿಯ ಬೆನ್ನಿಗೇ ಅಂಟಿಕೊಂಡು ಧ್ವನಿಪೆಟ್ಟಿಗೆಗೆ ಹೋಗುವ ಎಳೆಯಂಥ ನರ, ಸಾಮಾನ್ಯವಾಗಿ ನಾಲ್ಕಿರುವ ಪುಟ್ಟ ಪ್ಯಾರಾಥೈರಾಯ್ಡ್‌ಗಳು ಇಂದಿಗೂ ಅಲ್ಲೇ ಇವೆ. ಅರ್ಧ ತೆಗೆದರೆ ಇನ್ನರ್ಧದ ಕಡೆಯವು ಕೈ ತಾಗದೆ ಉಳಿಯುತ್ತವೆ. ಭಜನೆ ಹೇಳುವ ಚಿಕ್ಕಮ್ಮನಿಗೆ ಆ ನರ ಎಷ್ಟು ಬೆಲೆಯದು!

ಗಂಟು ಕರಗಿಸಲು ಮಾತ್ರೆ ಇಲ್ಲವೇ ಎಂದು ನಾನು ಕೇಳುತ್ತೇನೆ. ಹಿಂದೆ ಥೈರಾಕ್ಸಿನ್ ಹೆಚ್ಚು ಕೊಟ್ಟು ಕುಗ್ಗಿಸಲು ನೋಡುತ್ತಿದ್ದರು, ಗಂಟಿಗೆ ಆಗುವ ಲಾಭಕ್ಕಿಂತ ಹೃದಯಕ್ಕೂ ಮೂಳೆಗೂ ಆಗುವ ತೊಂದರೆ ಹೆಚ್ಚಾದ್ದರಿಂದ ಈಗ ಬಿಟ್ಟಿದ್ದಾರೆ. ಸಾಧುವೆಂದು ಖಚಿತವಾದ ಗಂಟು ದೊಡ್ಡದಾಗಿ ನುಂಗಲು ಒತ್ತಿದರೆ ಸೂಜಿಯಿಂದ ಬಿಸಿ ಹಾಯಿಸಿ ಕುಗ್ಗಿಸುವ ರೇಡಿಯೊ ಫ್ರೀಕ್ವೆನ್ಸಿ ಚಿಕಿತ್ಸೆ ಉಂಟು. ಅದರ ಮಾತು ಇವತ್ತಿನದಲ್ಲ.

ಚಿಕ್ಕಮ್ಮ ತೀರ್ಮಾನ ಮಾಡಿದ್ದಾಳೆ. ಮತ್ತೊಮ್ಮೆ ಸೂಜಿ. ಆದರೆ ಕೊನೆ ಕೊಯ್ಲು ಮುಗಿದ ಮೇಲೆ. ಅಡಿಕೆ ಸುಲಿಯುವ ಆಳುಗಳಿಗೆ ಅನ್ನ ಬೇಯಿಸುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಮೇಡಂ ಕ್ಯಾಲೆಂಡರ್ ನೋಡಿ ಒಪ್ಪುತ್ತಾರೆ. ಅಷ್ಟರೊಳಗೆ ದನಿ ಒಡೆದರೆ, ಗಂಟು ಕೈಗೆ ದೊಡ್ಡದಾಗಿ ಸಿಕ್ಕರೆ, ಪಕ್ಕದಲ್ಲಿ ಹೊಸ ಗಂಟು ಎದ್ದರೆ ಕೊಯ್ಲು ಬಿಟ್ಟು ಬರಬೇಕು ಎಂದು ಚೀಟಿಯ ಮೇಲೆ ಕನ್ನಡದಲ್ಲೇ ಬರೆದುಕೊಡುತ್ತಾರೆ.

ಸುಗ್ಗಿ ಮುಗಿದು ನಾವು ಮತ್ತೆ ಅದೇ ಹಜಾರದಲ್ಲಿದ್ದೇವೆ. ಈ ಸಲ ಚಿಕ್ಕಮ್ಮ ಸೂಜಿಗೆ ಹಾಸಿಗೆಯ ಬಟ್ಟೆ ಹಿಡಿಯಲಿಲ್ಲ. ಅಳತೆ ಹೆಚ್ಚು ಕಡಿಮೆ ಮೊದಲಿನಷ್ಟೇ. ಎರಡು ದಿಕ್ಕಿನಲ್ಲಾದರೂ ನೂರಕ್ಕೆ 20ರಷ್ಟು ಹಿಗ್ಗಿ, ಅದೂ ಕನಿಷ್ಠ 2 ಮಿಲಿಮೀಟರ್ ಆದರೆ ಮಾತ್ರ ಬೆಳೆದಿದೆ ಎನ್ನುತ್ತಾರೆ. ಹಳೆಯ ಸ್ಲೈಡನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದ ಪ್ಯಾಥಾಲಜಿ ಡಾಕ್ಟರು ಹಾಳೆಯಲ್ಲಿ ಬರೆದದ್ದು: ದರ್ಜೆ ಎರಡು.

"ವರ್ಷ ಬಿಟ್ಟು ಒಂದು ಸ್ಕ್ಯಾನಿಂಗ್," ಎನ್ನುತ್ತಾರೆ ಮೇಡಂ. "ಮಧ್ಯೆ ಏನೂ ಬೇಡ. ಎಲೆಕೋಸು, ಹೂಕೋಸು ಬಿಡ್ಬೇಕಾ ಅಂತ ಕೇಳ್ತೀರಿ ಈಗ, ಬಿಡ್ಬೇಡಿ, ಬೇಯಿಸಿ ತಿನ್ನಿ."

ಚಿಕ್ಕಮ್ಮನ ಪ್ರಶ್ನೆ ಬೇರೆಯೇ. ಬೆಂಗಳೂರಿನ ಮಗಳು ಅಮ್ಮನಿಗೆ ಬಂದದ್ದು ತನಗೂ ಇರಬಹುದೆಂದು ಕತ್ತಿನ ಸ್ಕ್ಯಾನಿಂಗಿಗೆ ಬುಕ್ ಮಾಡಿದ್ದಾಳೆ. ಮಾಡಿಸಬೇಕೇ?

"ಅವ್ರಿಗೆ ಗಂಟು ಕೈಗೆ ಸಿಗ್ತಿದೆಯಾ? ದನಿ, ನುಂಗೋದು ಏನಾದ್ರೂ?"

"ಏನೂ ಇಲ್ಲ."

"ಚಿಕ್ಕವರಿದ್ದಾಗ ಕತ್ತಿಗೆ ವಿಕಿರಣ?"

"ಇಲ್ಲ."

"ನಿಮ್ದೂ ಕ್ಯಾನ್ಸರ್ ಅಲ್ಲ. ಹಾಗಾದ್ರೆ ಬೇಡ."

ತೊಂದರೆಯಿಲ್ಲದವರ ಕತ್ತನ್ನು ಹುಡುಕಿ ನೋಡಬೇಡಿ ಎಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2017ರಲ್ಲೇ ಸ್ಪಷ್ಟವಾಗಿ ಹೇಳಿದೆ. ಲಾಭಕ್ಕಿಂತ ಹಾನಿ ಹೆಚ್ಚು ಎಂಬುದು ಅವರ ತೀರ್ಮಾನ. ಮೇಡಂ ಅಷ್ಟು ಉದ್ದ ಹೇಳುವುದಿಲ್ಲ, ಮುಂದಿನ ಟೋಕನ್ನಿನವರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ.

ಮೆಟ್ಟಿಲು ಇಳಿಯುವಾಗಲೇ ಚಿಕ್ಕಮ್ಮ ಮಗಳಿಗೆ ಫೋನ್ ಹಚ್ಚುತ್ತಾಳೆ. "ನಂದು ಎರಡು ಬಂತು ಮಾರಾಯ್ತಿ... ಹೌದು, ಒಳ್ಳೇದೇ. ಕೇಳಿಲ್ಲಿ, ಆ ಶನಿವಾರದ್ದು ಕ್ಯಾನ್ಸಲ್ ಮಾಡು. ಎಂಥಕ್ಕೆ ಅಂತ ರಾತ್ರಿ ಹೇಳ್ತೆ, ಈಗ ಬಸ್ಸಿಗೆ ಹೊತ್ತಾಯ್ತು."